ಮೆಣಸಿನ ಎಲೆ ಮಡಿಕೆಲಿ ಸಿಕ್ಕ ಥ್ರಿಪ್ಸ್

ತೀರ್ಥಹಳ್ಳಿ ಕಡೆ ನಮ್ ತೋಟದಲ್ಲಿ ಕಾಳುಮೆಣಸಿನ ಎಳೆ ಎಲೆ ಅಂಚು ಸುತ್ಕೊಂಡಿರತ್ತಲ್ಲ, ಬಿಡಿಸಿ ನೋಡಿದ್ರೆ ಒಳಗೆ ದಾರದ ಚೂರಿನಷ್ಟು ಸಪೂರ ಕಪ್ಪು ಹುಳ, ಜೊತೆಗೆ ಬಿಳಿಚು ಮರಿಗಳು, ಅದು ಲಿಯೋಥ್ರಿಪ್ಸ್ ಕಾರ್ನಿ, ಥ್ರಿಪ್ಸ್ ಅನ್ನೋ ಸಣ್ಣ ಕೀಟಗಳಲ್ಲಿ ಒಂದು ಜಾತಿ. ಅಣ್ಣ "ನುಸಿ ಕಣೋ" ಅಂದ, ಆದ್ರೆ ಬೆಳೆದ ನುಸಿಗೆ ಎಂಟು ಕಾಲು, ಇದಕ್ಕೆ ಆರೇ.

ಹೊಸ ಜಾತಿ ಅನ್ನೋಕೆ ಮಾತ್ರ ಫೋಟೋ ಸಾಲಲ್ಲ, ಸ್ಲೈಡ್ ಮಾಡಿ ಮೈಕ್ರೋಸ್ಕೋಪ್ ಕೆಳಗೆ ಆಂಟೆನಾದ ಗೆಣ್ಣು ಎಣಿಸ್ಬೇಕು, ಕತ್ತಿನ ಹತ್ರ ಕೂದಲು ಎಲ್ಲೆಲ್ಲಿದೆ ನೋಡ್ಬೇಕು, ಥ್ರಿಪ್ಸಿನ ಎರಡು ದೊಡ್ಡ ಗುಂಪಲ್ಲಿ ಯಾವ್ದು ಅಂತ ನೋಡ್ಬೇಕು, ಬಾಲ ಕೊಳವೆ ಥರ ಇದ್ರೆ ಟ್ಯೂಬುಲಿಫೆರಾ, ಹೆಣ್ಣಿಗೆ ಗರಗಸದಂಥ ಮೊಟ್ಟೆ ಇಡೋ ಅಂಗ ಇದ್ರೆ ಟೆರೆಬ್ರಾನ್ಷಿಯಾ. ಪ್ರಪಂಚದಲ್ಲಿ 6000ಕ್ಕೂ ಹೆಚ್ಚು ಥ್ರಿಪ್ಸ್ ಜಾತಿಗೆ ಹೆಸರಿಟ್ಟಾಗಿದೆ. ಕಾಡಿನ ದರಗಲ್ಲಿ ಬೂಷ್ಟು ತಿಂದು ಬದುಕೋ ಥ್ರಿಪ್ಸೂ ಇವೆ, ಬೆಳೆಗೆ ಏನೂ ಮಾಡಲ್ಲ ಅಂತ ಅವನ್ನ ಹುಡುಕೋರೇ ಕಮ್ಮಿ, ನಂಗೆ ಬೇಜಾರು ಅದೇ. ಈ ಮಳೆಗಾಲ ಮುಗಿದ್ಮೇಲೆ ಆಗುಂಬೆ ಕಡೆ ದರಗು ಜರಡಿ ಹಿಡೀತೀನಿ.