ಕುದುರೆ ಡೈರಿ ಅಪ್ಡೇಟ್: ಬೆಳ್ಳಿಯ ಬೆದೆ ಲೆಕ್ಕ, ಕರಿಯನ ಪೊಗರು, ಪಕ್ಕದ ಲಾಯದ ಸ್ಟಾಲಿಯನ್
ಹೆಣ್ಣು ಕುದುರೆ ಅಂದ್ರೆ ಮೂಡಿ, ಗೆಲ್ಡಿಂಗ್ (ಬೀಜ ತೆಗೆಸಿದ ಗಂಡು) ಅಂದ್ರೆ ಪಾಪದ್ದು, ಸ್ಟಾಲಿಯನ್ (ಬೀಜ ತೆಗೆಸದ ಗಂಡು) ಅಂದ್ರೆ ಡೇಂಜರ್ ಅಂತ ಎಲ್ರೂ ಹೇಳ್ತಾರೆ, ಇದ್ರಲ್ಲಿ ಎಷ್ಟು ನಿಜ ನೋಡೇಬಿಡೋಣ ಅಂತ ಸವಾರಿ ಆದ್ಮೇಲೆ ಎರಡೆರಡು ಸಾಲು ಬರ್ದಿಡೋಕೆ ಶುರು ಮಾಡಿದ್ದೆ, ಈಗ ತಿರುಗಿಸಿ ನೋಡಿದ್ರೆ ಒಂದಷ್ಟು ವಿಷಯ ಕಾಣ್ತಿದೆ.

ನನ್ನ ಹೆಣ್ಣು ಕುದುರೆ ಬೆಳ್ಳಿದೇ ಜಾಸ್ತಿ ಪುಟ. ಕೆಲವು ದಿನ ಪಕ್ಕೆ ಹತ್ರ ಬ್ರಷ್ ಹೋದ್ರೆ ಸಾಕು ಕಿವಿ ಹಿಂದಕ್ಕೆ, ಬಾಲ ಪಟಪಟ, ಕಾಲಲ್ಲಿ ಒತ್ತಿದ್ರೆ ಮುಂದೆ ಹೋಗೋ ಬದ್ಲು ನಿಂತ್ಬಿಟ್ಟು ಒಂಚೂರು ಉಚ್ಚೆ ಹೊಯ್ತಾಳೆ. ಇಂಥ ದಿನಕ್ಕೆಲ್ಲ ಕೆಂಪು ಚುಕ್ಕೆ ಇಡ್ತಾ ಬಂದೆ, ಹೆಚ್ಚಿನವು ಗುಂಪು ಗುಂಪಾಗೇ ಬಿದ್ದಿವೆ. ಹೆಣ್ಣು ಕುದುರೆಗೆ ಸುಮಾರು 21 ದಿನಕ್ಕೊಂದು ಸುತ್ತು, ಅದ್ರಲ್ಲಿ 5ರಿಂದ 7 ದಿನ ಬೆದೆ, ಹಗಲು ಉದ್ದ ಆಗೋ ಕಾಲದಲ್ಲಿ ಇದು ಜೋರು, ಅಲ್ಲಿಗೆ ಲೆಕ್ಕ ಹೊಂದ್ತದೆ. ಆದ್ರೆ ಗುಂಪಿಂದ ಆಚೆ ಬಿದ್ದ ಚುಕ್ಕೆಗಳೇ ನಂಗೆ ಮುಖ್ಯ ಅನ್ನಿಸಿದ್ದು, ಅವೆಲ್ಲಾ ಹೊಟ್ಟೆಪಟ್ಟಿ ಬಿಗಿಯೋವಾಗಿನ ತಕರಾರು, ಅಂದ್ರೆ ತಡಿ ಸರಿಯಾಗಿ ಕೂರ್ತಿಲ್ಲ ಅಥವಾ ಹೊಟ್ಟೇಲಿ ಹುಣ್ಣಿರಬಹುದು, ಡಾಕ್ಟರಿಗೆ ತೋರಿಸ್ಬೇಕು. ಹೆಣ್ಣಲ್ವಾ ಬಿಡಿ ಅಂತ ಸುಮ್ನಾಗೋದು ನಂಗಂತೂ ಸೋಮಾರಿತನ ಅನ್ಸುತ್ತೆ, ಯಾಕಂದ್ರೆ ಉಳಿದ ದಿನ ಇವಳಷ್ಟು ಗಮನ ಕೊಡೋ ಕುದುರೆ ಇನ್ನೊಂದಿಲ್ಲ, ನಾನು ತಿರುಗೋ ಕಡೆ ಬರೀ ನೋಡಿದ್ರೂ ಸಾಕು ಭುಜ ತಿರುಗಿಸ್ತಾಳೆ. ಮರುಭೂಮಿಯ ಬೆದೂಯಿನ್ ಜನ ದಾಳಿಗೆ ಹೆಣ್ಣು ಕುದುರೇನೇ ಇಷ್ಟಪಡ್ತಿದ್ರಂತೆ, ಶತ್ರು ಕುದುರೆ ವಾಸನೆ ಬಂದ್ರೂ ಕೆನೆದು ಸುಳಿವು ಕೊಡಲ್ಲ ಅಂತ.

ನನ್ನ ಇನ್ನೊಂದು ಕುದುರೆ ಕರಿಯ, ಅವನು ಗೆಲ್ಡಿಂಗ್. ಇವನ ಪುಟ ಬೋರು, ಅದೇ ಅವನ ಗುಣ. ನಿನ್ನೆ ಹೆಂಗೋ ಇವತ್ತೂ ಹಂಗೇ, ಮಕ್ಕಳನ್ನ ಕೂರಿಸ್ಬಹುದು, ಗುಂಪಲ್ಲಿ ದೂರ ಸವಾರಿ ಹೋಗ್ಬಹುದು. ಆದ್ರೂ ಬೆಳ್ಳಿ ಬೆದೆಗೆ ಬಂದಾಗ ಅವಳ ಉಚ್ಚೆ ಮೂಸಿ, ಕತ್ತೆತ್ತಿ ಮೇಲ್ತುಟಿ ಮಡಚಿ ನಿಂತ್ಕೋತಾನೆ, ಇನ್ನೊಂದು ಗೆಲ್ಡಿಂಗನ್ನ ಹತ್ರ ಬಿಡಲ್ಲ. ಬೀಜ ತಡವಾಗಿ ತೆಗೆಸಿದ್ದಕ್ಕೇ ಹಿಂಗೆ ಅಂತಾರೆ, ಪೂರ್ತಿ ನಿಜ ಅಲ್ಲ, ಚಿಕ್ಕದ್ರಲ್ಲೇ ತೆಗೆಸಿದ್ರೂ ಐದರಲ್ಲಿ ಒಂದಾದ್ರೂ ಗೆಲ್ಡಿಂಗ್ ಒಂದಿಷ್ಟು ಗಂಡು ಚಾಳಿ ಉಳಿಸ್ಕೊಂಡಿರುತ್ತೆ. ಒಂದು ಬೀಜ ಹೊಟ್ಟೆಯೊಳಗೇ ಉಳಿದಿರೋ ಸಾಧ್ಯತೇನೂ ಇರುತ್ತೆ, ಅದು ರಕ್ತಪರೀಕ್ಷೇಲಿ ಗೊತ್ತಾಗುತ್ತೆ. ಇನ್ನೊಂದು, ಆಪರೇಷನ್ ಆದ ಮಾರನೇ ದಿನವೇ ಹೆಣ್ಣುಗಳ ಜೊತೆ ಬಿಡ್ಬಾರ್ದು, ಉಳಿದ ವೀರ್ಯದಿಂದ ಕೆಲವು ವಾರ ಗಬ್ಬ ಕಟ್ಟೋ ಚಾನ್ಸ್ ಇರುತ್ತೆ.

ಅಂದಹಾಗೆ ಲಾಯ ಗುಡಿಸೋರಿಗೆ ಗೊತ್ತಿರೋ ವ್ಯತ್ಯಾಸ ಬೇರೆ: ಬೆಳ್ಳಿ ಹುಲ್ಲುಹಾಸಿನ ಅಂಚು, ಗೋಡೆ ಕಡೆ ಒದ್ದೆ ಮಾಡ್ತಾಳೆ, ಕರಿಯ ಸರಿಯಾಗಿ ನಡುವೆ. ಕರಿಯಂದು ಕ್ಲೀನ್ ಮಾಡೋಕೆ ಟೈಮ್ ಜಾಸ್ತಿ ಹಿಡಿಯುತ್ತೆ 😅

ಪಕ್ಕದ ಲಾಯದ ಸ್ಟಾಲಿಯನ್ ನನ್ದಲ್ಲ, ನೋಡಿದ್ದಷ್ಟೇ. ದಪ್ಪ ಕತ್ತು, ಲದ್ದಿ ದಿನಾ ಒಂದೇ ಜಾಗದಲ್ಲಿ ರಾಶಿ, ಇನ್ನೊಂದು ಕುದುರೆ ಮೂಗಿಗೆ ಮೂಗು ತಾಗಿದ ತಕ್ಷಣ ಕಿರುಚಿ ಮುಂಗಾಲು ಬೀಸ್ತಾನೆ, ಹಿಡ್ಕೊಂಡೋರು ಎದುರಿಗೆ ನಿಂತಿದ್ರೆ ಮೊಣಕಾಲು ಹೋದಂಗೇ, ಅದಕ್ಕೇ ಅವನನ್ನ ನಡೆಸೋರು ಯಾವಾಗ್ಲೂ ಭುಜದ ಪಕ್ಕ. ಆದ್ರೆ ಕೆಲಸಕ್ಕಿಳಿದ್ರೆ ಅಷ್ಟೇ ಚೆನ್ನ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಲ್ಲಿ ಲಿಪಿಜ್ಜಾನರ್ ತಳಿಯ ಸ್ಟಾಲಿಯನ್‌ಗಳೇ ಸಾಲಾಗಿ ಶೋ ಕೊಡ್ತವೆ, ಒಂದನ್ನೊಂದು ಕಚ್ಚಲ್ಲ, ಅದು ವರ್ಷಗಟ್ಟಲೆ ಟ್ರೇನಿಂಗ್. ತಳಿ ಬೆಳೆಸೋ ಉದ್ದೇಶ ಇಲ್ದೆ, ಬೇರೆ ಬೇಲಿ, ಅನುಭವದ ಆಳು ಇಲ್ದೆ, ಬರೀ ಗತ್ತಿಗೆ ಅಂತ ಸ್ಟಾಲಿಯನ್ ಇಟ್ಕೊಂಡ್ರೆ ಪಾಪ ಆ ಕುದುರೆ ಒಂಟಿಯಾಗಿ ಲಾಯದಲ್ಲೇ ನಿಂತು ಇನ್ನೂ ಕೆಡುತ್ತೆ.

ಮುಂದಿನ ಸುತ್ತಿಗೆ ಬೆಳ್ಳಿಗೆ ತಡಿ ಬದ್ಲಾಯ್ಸಿ ಅದೇ ಚುಕ್ಕೆ ಲೆಕ್ಕ ಮುಂದುವರಿಸ್ತೀನಿ, ಬೆದೆ ದಿನಗಳಲ್ಲಿ ಬಿಗಿ ಕೆಲಸ ಬಿಟ್ಟು ಬರೀ ನಡಿಗೆ. ಕರಿಯನ ರಕ್ತಪರೀಕ್ಷೆ ರಿಸಲ್ಟ್ ಬಂದ್ರೆ ಅದೂ ಹಾಕ್ತೀನಿ.