ಅಣ್ಣಾ, ನಮ್ ಹುಡುಗಗ ಯಾವ ಕಾದಂಬರಿ ಕೊಡ್ಲಿ?

ಗಂಗಾವತಿಯಾಗ ನಂದೊಂದು ಝೆರಾಕ್ಸ್ ಅಂಗಡಿ ಐತಿ. ಮುಂದ ಮಷೀನು, ಬಾಜೂಕ ಪೆನ್ನು ನೋಟ್‌ಬುಕ್ಕು, ಹಿಂದಿನ ಮೂಲ್ಯಾಗ ಒಂದು ಕಬ್ಬಿಣದ ರ‍್ಯಾಕ್ ತುಂಬ ಕಾದಂಬರಿ. ವಾರಕ್ಕ ಐದು ರೂಪಾಯಿ ಬಾಡಿಗಿ. ಲಾಕ್‌ಡೌನ್ ಮುಗದ ಮ್ಯಾಲ ಮನ್ಯಾಗಿನ ಹಳೆ ಪುಸ್ತಕ ತಂದು ಸುಮ್ನ ಶುರು ಮಾಡಿದ್ದು, ಇವತ್ತಿಗೂ ಅದ್ರಿಂದ ಚಾ ಖರ್ಚು ಸೈತ ಹುಟ್ಟಂಗಿಲ್ಲ, ಅದು ಬ್ಯಾರೆ ಮಾತು.

ಈ ರ‍್ಯಾಕ್ ನೋಡಿದವರೆಲ್ಲ ಒಂದ ಪ್ರಶ್ನೆ ಕೇಳ್ತಾರ. ಪಹಣಿ ಝೆರಾಕ್ಸ್ ಮಾಡ್ಸಾಕ ಬಂದ ರೈತರು ಕೇಳ್ತಾರ, ರೈಸ್ ಮಿಲ್ಲಿನ ಗುಮಾಸ್ತರು ಕೇಳ್ತಾರ, ಮದುವಿ ಊಟಕ್ಕ ಕುಂತಾಗ ಬಾಜೂ ಎಲಿಯವರು ಕೇಳ್ತಾರ, "ಅಣ್ಣಾರ, ನಮ್ ಹುಡುಗ ಬರೇ ಮೊಬೈಲ್ ತಿಕ್ಕೋತ ಕುಂತಿರ್ತಾನ್ರಿ, ಒಂದು ಚಲೋ ಕಾದಂಬರಿ ಹೇಳ್ರಿ, ಓದೋ ಚಟ ಹತ್ತಬೇಕು ಅಂಥಾದ್ದು." ನಾನು ಹೇಳೋದೂ ಒಂದ: ನನ್ನ ಕೇಳಬ್ಯಾಡ್ರಿ, ನಿಮ್ ಹುಡುಗನಕಿಂತ ಒಂದೆರಡು ವರ್ಷ ದೊಡ್ಡ ಇರೋ, ಓದೋ ಹುಡುಗರನ್ನ ಕೇಳ್ರಿ. ಹಂಗಂದ ಕೂಡ್ಲೆ ಮಾರಿ ಸಣ್ಣ ಮಾಡ್ಕೋತಾರ, ಈ ಮನುಷ್ಯಾಗ ಸೊಕ್ಕು ಬಂದೈತಿ ಅಂದ್ಕೋತಾರೇನೋ. ಅದಕ್ಕ ಒಂದ್ಸಲ ಉದ್ದಕ್ಕ ಬರದು ಇಡ್ತೀನಿ, ಇನ್ಮ್ಯಾಲ ಯಾರ್ ಕೇಳಿದ್ರೂ ಇದನ್ನ ಕಳಿಸಿಬಿಡ್ತೀನಿ.

ಮೊದಲು ನಾನೂ ಹೇಳ್ತಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ದಿನಾ ಸಂಜಿ ಬಂದು ರ‍್ಯಾಕ್ ಮುಂದ ನಿಂದ್ರತಿದ್ದ, ದೆವ್ವದ ಕಥಿ ಐತೇನು, ಪತ್ತೇದಾರಿ ಐತೇನು ಅಂತ ಕೇಳ್ತಿದ್ದ. ನಾನು ಅವನ್ನ ಉದ್ಧಾರ ಮಾಡಬೇಕು ಅಂತ ಕಾರಂತರ 'ಮರಳಿ ಮಣ್ಣಿಗೆ' ತಗದು ಕೊಟ್ಟೆ. 1941ರ ಪುಸ್ತಕ, ಮೂರು ತಲಿಮಾರಿನ ಕಥಿ, ನನಗ ಈಗ್ಲೂ ಜೀವ. ಹುಡುಗ ಒಂದು ತಿಂಗಳು ಇಟ್ಕೊಂಡು ಸುಮ್ನ ತಂದು ಇಟ್ಟು ಹೋದ. ತಗದು ನೋಡ್ತೀನಿ, ಹನ್ನೊಂದನೇ ಪುಟದಾಗ ಬಸ್ ಟಿಕೆಟ್ ಸಿಗಿಸ್ಯಾನ, ಅಲ್ಲಿಂದ ಮುಂದ ಹಾಳಿ ಬಿಚ್ಚೇ ಇಲ್ಲ. ಅದಾದ ಮ್ಯಾಲ ವರ್ಷಗಟ್ಲೆ ಅಂಗಡಿ ಕಡೆ ಮಾರಿ ಹಾಕ್ಲಿಲ್ಲ, ದಾರ‍್ಯಾಗ ಕಂಡ್ರೂ ಆ ಕಡೆ ದಾಟಿ ಹೋಗ್ತಿದ್ದ, ನಾನೇನೋ ಸಾಲ ಕೊಟ್ಟಂಗ. ಆಮ್ಯಾಲ ಒಂದಿನ ಕಾರಟಗಿ ಕಡೆಯ ತನ್ನ ದೋಸ್ತನ್ನ ಕರ್ಕೊಂಡು ಬಂದ, ಆ ದೋಸ್ತ ಅವಂಗ ತೇಜಸ್ವಿ 'ಜುಗಾರಿ ಕ್ರಾಸ್' ಕೊಟ್ಟಿದ್ನಂತ, ಒಂದ ರಾತ್ರಿ ಮುಗಿಸ್ಯಾನ. "ಏಲಕ್ಕಿ ಮಾರಾಕ ಹೋದ ಗಂಡ ಹೆಂಡ್ತಿ ಹಿಂದ ಯಾರ‍್ಯಾರೋ ಬೀಳ್ತಾರ, ನೀ ಓದು ಸಾಕು" ಅಂತ ಇಷ್ಟ ಹೇಳಿದ್ನಂತ ದೋಸ್ತ. ನಾನು ಅರ್ಧಾ ತಾಸು ಭಾಷಣ ಮಾಡಿದ್ದೆ ಕಾರಂತರ ಮ್ಯಾಲ. ಮತ್ತ 'ಮರಳಿ ಮಣ್ಣಿಗೆ' ತೋರಿಸಿದೆ, "ಅದು ಈಗ ಬ್ಯಾಡಣ್ಣ" ಅಂದ, ಈಗ ಡಿಗ್ರಿಗೆ ಬಂದಾನ, ಇನ್ನೂ ಬ್ಯಾಡ ಅಂತಾನ.

ನಾವು ದೊಡ್ಡವರು ಕೊಡೋ ಪುಸ್ತಕದೊಳಗ ಒಂದು ಪರೀಕ್ಷೆ ಅಡಗಿರ್ತೈತಿ. ಓದಿದ್ಯೇನು, ಏನ್ ತಿಳ್ಕೊಂಡಿ, ಅದ್ರಾಗ ನೀತಿ ಏನು ಅಂತ ನಾಳೆ ಕೇಳ್ತೀವಿ. ಹುಡುಗ್ರಿಗೆ ಅದು ಕವರ್ ನೋಡಿದ ಕೂಡ್ಲೆ ವಾಸನಿ ಬರ್ತೈತಿ. ಅದ ಗೆಳತಿ ಕೊಟ್ರ ಪರೀಕ್ಷೆ ತಿರುವುಮುರುವು, ಬೋರ್ ಆತು ಅಂದ್ರ ನಾಳೆ ಬಸ್‌ನ್ಯಾಗ ಬೈಸ್ಕೊಳ್ಳೋದು ಪುಸ್ತಕ ಕೊಟ್ಟಾಕಿ. ಅದಕ್ಕ ಆಕಿ ಹುಷಾರಾಗಿ ಹೇಳ್ತಾಳ, ಸುಳ್ಳು ಹೊಗಳಿಕಿ ಹೊಡಿಯಾಕ ಬರಂಗಿಲ್ಲ.

ನಮ್ ರ‍್ಯಾಕಿನ ಪುಸ್ತಕದಾಗ ಚೀಟಿ ಇರ್ತಾವ. ಝೆರಾಕ್ಸ್ ಕೆಟ್ಟು ಹೋದ ಹಾಳಿ ನಾಕು ತುಂಡು ಮಾಡಿ ಒಂದು ಡಬ್ಬ್ಯಾಗ ಹಾಕಿಟ್ಟಿರ್ತೀನಿ (ಆಧಾರ್ ಕಾಪಿ ಇದ್ರ ಹರದು ಒಗಿತೀನಿ, ಅಷ್ಟು ಬುದ್ಧಿ ಐತಿ), ಓದಿದವರು ಹಿಂದ್ಲ ಕಡೆ ಎರಡು ಸಾಲು ಬರದು ಒಳಗ ಇಟ್ಟು ಹೋಗ್ತಾರ. ಇದು ನನ್ನ ಐಡಿಯಾ ಅಲ್ಲ, ಪಿಯುಸಿ ಹುಡುಗಿ ಒಬ್ಬಾಕಿ ಶುರು ಮಾಡಿದ್ದು. ಚೀಟಿ ಒಂದು ಕಡೆ ಯಾವುದೋ ಹಳೆ ಪ್ರಶ್ನೆಪತ್ರಿಕೆ, ಇನ್ನೊಂದು ಕಡೆ "50 ಪೇಜ್ ತಾಳ್ಕೋ, ಆಮೇಲೆ ನಿಂದ್ರಂಗಿಲ್ಲ". ಇಂಥಾ ಮಾತು ನನ್ನ ಬಾಯಾಗ ಬರಂಗಿಲ್ಲ ನೋಡ್ರಿ, ನಲವತ್ತೊಂಬತ್ತನೇ ಪುಟದಾಗ ಬಿಡೋಣ ಅನ್ಕೊಂಡು ಬಿಡದ ಇದ್ದವರ ಕೈಯಾಗ ಮಾತ್ರ ಬರ್ತೈತಿ. ಒಂದ್ರಾಗ "ಅಪ್ಪನ ಮುಂದೆ ಓದಬ್ಯಾಡ" ಅಂತಿತ್ತು, ಆ ಪುಸ್ತಕ ಮೂರು ತಿಂಗಳು ರ‍್ಯಾಕಿಗೆ ವಾಪಸ್ ಬರಲೇ ಇಲ್ಲ, ಕೈಯಿಂದ ಕೈಗೆ ಹಂಗ ಹೋತು.

'ಕರ್ವಾಲೊ' ಚೀಟಿ ನನಗ ಭಾಳ ಸೇರ್ತು. ಈ ಕಾದಂಬರಿ ಬಂದಿದ್ದು 1980ರಾಗ, ನಡಿಯೋದೆಲ್ಲ ಮೂಡಿಗೆರೆ ಕಡೆ, ಮಳಿ, ಕಾಡು, ಜೇನು. ನಮ್ ಹುಡುಗ್ರು ಹುಟ್ಟಿದಾಗಿಂದ ನೋಡಿದ್ದು ಭತ್ತದ ಗದ್ದಿ, ಕರಿಗಲ್ಲ ಬೆಟ್ಟ, ಏಪ್ರಿಲ್ ಬಿಸಲು. ನಾನಾಗಿದ್ರ ಪಶ್ಚಿಮ ಘಟ್ಟ, ಪರಿಸರ ಪ್ರಜ್ಞೆ ಅಂತ ಶುರು ಮಾಡ್ತಿದ್ದೆ. ಎಂಟನೇ ಕ್ಲಾಸ್ ಹುಡುಗ ಏನ್ ಬರದಾನ, "ನಾವು ಓತಿಕ್ಯಾತಕ್ಕ ಕಲ್ಲು ಹೊಡಿತೀವಿ, ಇವ್ರು ಒಂದು ಹಾರೋ ಓತಿ ಹುಡಿಕ್ಕೋತ ಕಾಡಿಗೆ ಹೋಗ್ತಾರ, ಸಿಕ್ತೋ ಇಲ್ಲೋ ಹೇಳಂಗಿಲ್ಲ. ಕಿವಿ ಅನ್ನೋ ನಾಯಿ ಮಸ್ತ್ ಐತಿ." ಮುಗೀತು. ಆ ಚೀಟಿ ಇಟ್ಟ ಮ್ಯಾಲ ಪುಸ್ತಕ ಎಷ್ಟು ಕೈ ತಿರುಗ್ಯಾವಂದ್ರ ಬೈಂಡಿಂಗ್ ಎರಡು ಸಲ ಮಾಡ್ಸೀನಿ.

ಇನ್ನೊಂದು, ವಸುಧೇಂದ್ರ ಅವರ 'ತೇಜೋ ತುಂಗಭದ್ರಾ'. ಅವರು ನಮ್ ಬಳ್ಳಾರಿ ಜಿಲ್ಲೆ ಸಂಡೂರಿನವರು, ಪುಸ್ತಕ 2019ರಾಗ ಬಂತು, ದಪ್ಪ ನೋಡಿದ್ರ ಹುಡುಗ್ರು ಹಿಂದ ಸರಿತಾರ. ಲಿಸ್ಬನ್ ಊರಿನ ತೇಜೋ ಹೊಳಿ ದಂಡಿ ಮ್ಯಾಲ ಒಂದು ಕಥಿ, ನಮ್ ತುಂಗಭದ್ರಾ ದಂಡಿ ಮ್ಯಾಲ ಒಂದು ಕಥಿ, ನಡುವೆ ಗೋವಾ. ಎರಡು ವರ್ಷ ಧೂಳು ತಿಂದು ಕುಂತಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಕಡದು ಕೊಚ್ಚಿ ಹೋತಲ್ಲ, ಅವಾಗ ಊರ ತುಂಬ ಅದ ಮಾತು, ಎರಡನೇ ಬೆಳಿಗೆ ನೀರು ಸಿಗ್ತೈತೋ ಇಲ್ಲೋ ಅಂತ ಮನಿಮನ್ಯಾಗ ಚಿಂತಿ. ಆ ವಾರ ಸೆಕೆಂಡ್ ಪಿಯುಸಿ ಹುಡುಗಿ ಅದನ್ನ ಮುಗಿಸಿ ತಂದು ಚೀಟಿ ಇಟ್ಲು, "ಗೇಟ್ ಹೋದ ಮೇಲೆ ಎಲ್ರೂ ಹೊಳಿ ಹೊಳಿ ಅನ್ನಾಕತ್ತಾರ, ಐನೂರು ವರ್ಷದ ಹಿಂದೆ ಇದೇ ಹೊಳಿ ದಂಡಿಗೆ ಏನೇನಾಗಿತ್ತು ಓದು. ಸತಿ ಹೋಗೋದು ಬರ್ತೈತಿ, ರಾತ್ರಿ ಒಬ್ಬಾಕಿನ ಓದಬ್ಯಾಡ." ಆನೆಗುಂದಿ ಹುಡುಗ್ರು ಸಾಲು ಹಚ್ಚಿದ್ರು ಅದಕ್ಕ. ಅವರಿಗೆ ದಿನಾ ಕಾಣೋ ಕಲ್ಲು, ದಿನಾ ದಾಟೋ ಹೊಳಿ.

ಗೀತಾ ನಾಗಭೂಷಣ ಅವರ 'ಬದುಕು', 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು, ಅದ್ರ ಪ್ರಶಸ್ತಿ ಬಗ್ಗೆ ಚೀಟ್ಯಾಗ ಒಂದು ಮಾತಿಲ್ಲ, "ಇದ್ರಾಗ ನಮ್ಮವ್ವ ಬೈದಂಗ ಬೈತಾರ" ಅಂತ ಐತಿ. ಕುಂವೀ 'ಅರಮನೆ'ಗೆ "ಉಸಿರು ಹಿಡ್ಕೊಂಡು ಓದಬೇಕು, ನಾನು ಅರ್ಧಕ್ಕ ಬಿಟ್ಟೆ, ನೀ ಮುಗಿಸಿದ್ರ ನನಗ ಹೇಳು" ಅಂತ ಬರದಾನ ಒಬ್ಬ, ಅರ್ಧಕ್ಕ ಬಿಟ್ಟಿದ್ದನ್ನೂ ಬರಿತಾರ, ಯಾವ ವಿಮರ್ಶಕರು ಬರಿತಾರ ಹಿಂಗ ಹೇಳ್ರಿ?

ಒಬ್ಬ ಅಪ್ಪ ನಕ್ಕ, "ಸಣ್ಣ ಹುಡುಗ್ರಿಗೆ ಏನ್ ತಿಳಿತೈತಿ ಅಣ್ಣಾರ, ಚಲೋ ಯಾವುದು ಕೆಟ್ಟದ್ದು ಯಾವುದು" ಅಂತ. ಅವರಿಗೆ ಹ್ಯಾರಿ ಪಾಟರ್ ಕಥಿ ಹೇಳಿದೆ. ಆ ಹಸ್ತಪ್ರತಿ ಎಷ್ಟೋ ಪ್ರಕಾಶಕರು ಬ್ಯಾಡ ಅಂದು ವಾಪಸ್ ಕಳಿಸಿದ್ರು, ಕೊನೀಗೆ ಲಂಡನ್ನಿನ ಬ್ಲೂಮ್ಸ್‌ಬರಿ ಕಂಪನಿ ಯಜಮಾನರು ಮೊದಲನೇ ಅಧ್ಯಾಯ ಮನಿಗೆ ಒಯ್ದು ಎಂಟು ವರ್ಷದ ಮಗಳ ಕೈಗೆ ಕೊಟ್ರು, ಆಕಿ ಓದಿ ಮುಂದಿಂದು ಎಲ್ಲಿ ಅಂತ ಬೆನ್ನು ಹತ್ತಿದ್ಲು, 1997ರಾಗ ಪುಸ್ತಕ ಬಂತು. ದೊಡ್ಡ ದೊಡ್ಡ ಆಫೀಸಿನವರಿಗೆ ತಿಳೀಲಾರದ್ದು ಒಂದು ಕೂಸಿಗೆ ತಿಳೀತು. ಅಮೆರಿಕದಾಗ ಎಸ್. ಇ. ಹಿಂಟನ್ ಅಂತ ಒಬ್ಬಾಕಿ ತನ್ನ ವಯಸ್ಸಿನವರಿಗೆ ಓದಾಕ ಖರೇ ಅನ್ನಿಸೋ ಪುಸ್ತಕನ ಇಲ್ಲ ಅಂತ ಹದಿನೈದನೇ ವಯಸ್ಸಿಗೆ ತಾನ ಬರಿಯಾಕ ಕುಂತ್ಲು, 1967ರಾಗ ಅದು ಅಚ್ಚಾದಾಗ ಆಕಿಗೆ ಹದಿನೆಂಟು. ಅಲ್ಲಿ ಲೈಬ್ರರಿಯವರು 'ಟೀನ್ಸ್ ಟಾಪ್ ಟೆನ್' ಅಂತ ಪಟ್ಟಿ ಮಾಡ್ತಾರ, ಪುಸ್ತಕದ ಹೆಸರು ಸೂಚಿಸೋರೂ ಹದಿಹರೆಯದವರ, ಓಟು ಹಾಕೋರೂ ಅವರ, 12ರಿಂದ 18 ವಯಸ್ಸಿನವರು. ನಮ್ಮಲ್ಲಿ ಅಂಥಾ ಪಟ್ಟಿ ಮಾಡಾಕ ಕುಂತ್ರ ಸಮಿತಿ ಅಧ್ಯಕ್ಷರಿಗೆ ಅರವತ್ತಾಗಿರ್ತೈತಿ, ಅವರಿಗೊಂದು ಶಾಲು ಬ್ಯಾರೆ.

ಹಂಗಂತ ಹುಡುಗ್ರು ಹೇಳಿದ್ದೆಲ್ಲ ಬಂಗಾರ ಅಲ್ರಿ. ಓದದ ಇದ್ದದ್ದನ್ನ ಓದೀನಿ ಅಂತ ಜಂಬ ಹೊಡಿಯೋರು ಅದಾರ, ಒಂದ ನಮೂನಿ ಪುಸ್ತಕ ಹಿಡ್ಕೊಂಡು ಅದರಾಗ ಸುತ್ತು ಹೊಡಿಯೋರು ಅದಾರ, ಕ್ಲೈಮ್ಯಾಕ್ಸ್ ಹೇಳಿ ಮಜಾ ಕೆಡಸೋರಂತೂ ಕೇಳಬ್ಯಾಡ್ರಿ, ಒಬ್ಬ ಚೀಟ್ಯಾಗ ಕೊಲೆಗಾರನ ಹೆಸರ ಬರದು ಹೋಗಿದ್ದ. ರೀಲ್ಸ್ ನೋಡಿ ಬರೋರೂ ಭಾಳ. ಕೊಲೀನ್ ಹೂವರ್ ಅವರ 'ಇಟ್ ಎಂಡ್ಸ್ ವಿತ್ ಅಸ್' 2016ರಾಗ ಬಂದಿದ್ದು, ಐದಾರು ವರ್ಷ ಆದ ಮ್ಯಾಲ ಹುಡುಗ್ರು ಮಾಡಿದ ವಿಡಿಯೋದಿಂದ ಮತ್ತ ಎಲ್ಲಾ ಕಡೆ ಹಬ್ಬಿತು, ನಮ್ ಇಂಗ್ಲಿಷ್ ಮೀಡಿಯಂ ಹುಡುಗ್ಯಾರೂ ಬಂದು ಕೇಳ್ತಾರ. ಕವರ್ ಮ್ಯಾಲ ಹೂವ ಐತಿ, ಅವ್ವಗೋಳು ಲವ್ ಸ್ಟೋರಿ ಅನ್ಕೋತಾರ, ಒಳಗಿರೋದು ಗಂಡ ಹೊಡಿಯೋ ಕಥಿ. ಒಂಬತ್ತನೇ ಕ್ಲಾಸಿನ ಹುಡುಗಿ ಕೈ ಹಾಕಿದ್ಲು, ನಾನು ಹೆಂಗ ಬ್ಯಾಡ ಅನ್ಲಿ ಅಂತ ಒದ್ದಾಡಾಕತ್ತಿದ್ದೆ, ಅಷ್ಟರಾಗ ಬಾಜೂಕ ನಿಂತ ಪಿಯುಸಿ ಹುಡುಗಿ ಅದನ್ನ ಇಸ್ಕೊಂಡು ರ‍್ಯಾಕಿಗೆ ವಾಪಸ್ ಇಟ್ಟು "ಇದು ಈಗ ಬ್ಯಾಡವ್ವ, ಕಾಲೇಜಿಗೆ ಬಾ, ನಾನ ಕೊಡ್ತೀನಿ" ಅಂದು ಬ್ಯಾರೆ ಒಂದು ತಗದು ಕೊಟ್ಲು. ನಾನಂದಿದ್ರ ಆಕಿ ಇನ್ನೊಂದು ಅಂಗಡ್ಯಾಗ ತಗೊಂಡು ಓದೇ ಓದ್ತಿದ್ಲು. ಎಲ್ಲಾ ಸಲನೂ ಹಿಂಗ ಆಗ್ತೈತಿ ಅಂತ ಅಲ್ಲ, ಅದಕ್ಕ ಹುಡುಗ್ರು ತಗೊಂಡು ಹೋಗೋದ್ರ ಮ್ಯಾಲ ನನ್ನ ಕಣ್ಣು ಇರ್ತೈತಿ, ಬಾಯಿ ಮಾತ್ರ ಮುಚ್ಚಿರ್ತೈತಿ.

ನಗಿಸೋ ಬರಹಗಾರ ಬೀಚಿ ಗೊತ್ತಲ್ಲ, 1913ರಾಗ ಹರಪನಹಳ್ಳಿಯಾಗ ಹುಟ್ಟಿದವರು (ಆ ಊರು ಪಾಪ ಬಳ್ಳಾರಿ, ದಾವಣಗೆರೆ, ಮತ್ತ ಬಳ್ಳಾರಿ, ಈಗ ವಿಜಯನಗರ ಅಂತ ಜಿಲ್ಲೆ ಬದಲ ಮಾಡ್ಕೋತನ ಬಂದೈತಿ). ಮೊದಲು ಅವರು ಕನ್ನಡ ಪುಸ್ತಕ ಅಂದ್ರ ಮೂಗು ಮುರಿತಿದ್ರಂತ, ಅನಕೃ 'ಸಂಧ್ಯಾರಾಗ' ಓದಿದ ಮ್ಯಾಲ ಕನ್ನಡಕ್ಕ ತಿರುಗಿದ್ರು ಅಂತ ಹೇಳ್ತಾರ. ಹೊತ್ತಿಗೆ ಸರಿಯಾಗಿ ಒಂದು ಪುಸ್ತಕ ಸಿಕ್ರ ಸಾಕು. ಆ ಹೊತ್ತು ಯಾವುದು ಅಂತ ನಿಮ್ ಮಗನ ಬಗ್ಗೆ ನನಗ ಹೆಂಗ ಗೊತ್ತಾಗಬೇಕು? ನಿಮಗೂ ಗೊತ್ತಿರಂಗಿಲ್ಲ, ಸಿಟ್ಟಾಗಬ್ಯಾಡ್ರಿ. ಅವನ ಬಾಜೂ ಬೆಂಚಿನವನಿಗೆ ಗೊತ್ತಿರ್ತೈತಿ.

ಓದೋ ಹುಡುಗ್ರು ಎಲ್ಲಿ ಸಿಗ್ತಾರ ಅಂತ ಮುಂದಿನ ಪ್ರಶ್ನೆ ಬರ್ತೈತಿ. ಬೆಳಿಗ್ಗೆ ಕನಕಗಿರಿ ಕಡೆಯಿಂದ ಬರೋ ಬಸ್ ಹತ್ತಿ ನೋಡ್ರಿ, ಹುಡುಗ್ಯಾರು ಒಂದ ಪುಸ್ತಕ ಇಬ್ಬರು ಹಿಡ್ಕೊಂಡು ಓದೋದು ಕಾಣ್ತೈತಿ, ಭಾಳ ಮಂದಿಗೆ ಕೈಯಾಗ ಸ್ವಂತ ಫೋನಿಲ್ಲ, ಇನ್‌ಸ್ಟಾಗ್ರಾಮ್ ಇಲ್ಲ, ಅವರ ರೀಲ್ಸು ಆ ಸೀಟ ಮ್ಯಾಲನ ನಡಿತೈತಿ. ಹಳ್ಳ್ಯಾಗ ಇದ್ರ ಪಂಚಾಯ್ತಿ ಲೈಬ್ರರಿಗೆ ಹೋಗ್ರಿ, ಈಗ ಅರಿವು ಕೇಂದ್ರ ಅಂತಾರ, 2020ರಾಗ 'ಓದುವ ಬೆಳಕು' ಅಂತ ಶುರುವಾದಾಗಿಂದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಆದ್ರ ಒಂದು, ಮಗನ್ನ ಒಳಗ ಬಿಟ್ಟು ನೀವು ಹೊರಗ ಚಾ ಕುಡಿಯಾಕ ಹೋಗ್ರಿ. ಅಪ್ಪ ಹಿಂದ ನಿಂತಿದ್ರ ಯಾವ ಹುಡುಗನೂ ತನಗ ಬೇಕಾದ್ದು ತಗೊಳ್ಳಂಗಿಲ್ಲ, ಸಾಮಾನ್ಯ ಜ್ಞಾನದ ಪುಸ್ತಕ ತಗೊಂಡು ಬರ್ತಾನ.

ಮೊನ್ನೆ ಒಬ್ರು ಮಗನ್ನ ಕರ್ಕೊಂಡ ಬಂದಿದ್ರು, ಹುಡುಗ ಮಾರಿ ಕೆಳಗ ಹಾಕಿ ನಿಂತಿದ್ದ. ನಾನು ಮಷೀನ್ ಹತ್ರ ನೋಟ್ಸ್ ಝೆರಾಕ್ಸಿಗೆ ಕಾಯಾಕತ್ತಿದ್ದ ಹುಡುಗಿಗೆ, ನೋಡವ್ವ ಇವಂಗ ಏನ್ ಕೊಡಬೇಕು ಅಂದೆ. ಆಕಿ ಅವನ್ನ ಕೇಳಿದ್ದು ಒಂದ, "ನೀ ಕೊನೀಗೆ ಪೂರ್ತಿ ನೋಡಿದ ಸಿನಿಮಾ ಯಾವ್ದಲೇ?" ಅಪ್ಪನ ಮುಂದ ಅವ ಹೇಳ್ಲಿಲ್ಲ. ಆಕಿ "ಕಾಕಾ, ನೀವು ಸ್ವಲ್ಪ ಆ ಕಡೆ ಹೋಗ್ರಿ" ಅಂದ್ಲು. ಅವರು ಹೋದ್ರು, ಇಬ್ರೂ ಏನೋ ಪಿಸುಪಿಸು ಮಾತಾಡ್ಕೊಂಡ್ರು, ಹುಡುಗ ಒಂದು ಪುಸ್ತಕ ಅಂಗಿಯೊಳಗ ಸಿಗಿಸ್ಕೊಂಡು ಹೋದ. ಯಾವುದು ಅಂತ ರಿಜಿಸ್ಟರ್‌ನ್ಯಾಗ ಐತಿ, ಅವರಪ್ಪ ಫೋನ್ ಮಾಡಿ ಕೇಳಿದ್ರು, ನಾನು ಹೇಳ್ಲಿಲ್ಲ.

ಬರೋದಿದ್ರ ಸಂಜಿ ಐದರ ಮ್ಯಾಲ ಬರ್ರಿ, ಕಾಲೇಜ್ ಬಿಟ್ಟಿರ್ತೈತಿ, ಹುಡುಗ್ರು ಇರ್ತಾರ. ಮುಂಜಾನಿ ಬಂದ್ರ ನಾನೊಬ್ನ ಇರ್ತೀನಿ.