26 ದಿನದ ಲೆಕ್ಕ

ಫೆಬ್ರವರಿ ಬಂತೆಂದರೆ ಕೊಡಗಿನ ನಮ್ಮ ಸುಂಟಿಕೊಪ್ಪದ ಕಡೆ ರೋಬಸ್ಟಾ ಕಾಫಿ ತೋಟದವರಿಗೆ ನಿದ್ದೆ ಕಡಿಮೆ. ಕೊಯ್ಲು ಮುಗಿದು ಗಿಡ ಬಾಡಿ ನಿಂತಿರುತ್ತದೆ. ಗೆಣ್ಣು ಗೆಣ್ಣಿನಲ್ಲೂ ಭತ್ತದ ಕಾಳಿನಂಥ ಮೊಗ್ಗು. ಮಳೆ ಬಂದರೆ ಸರಿ, ಬಾರದಿದ್ದರೆ ಕೆರೆ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹೊಡೆದು ಹೂ ಬಿಡಿಸಬೇಕು. ಚೆನ್ನಾಗಿ ನೆನೆದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಅರೆಬರೆ ನೆನೆದರೆ ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿ ಅಲ್ಲೇ ನಿಂತುಬಿಡುತ್ತದೆ. ವರ್ಷದ ಬೆಳೆ ಆ ಕೆಲವು ವಾರಗಳಲ್ಲೇ ತೀರ್ಮಾನವಾಗುತ್ತದೆ.

ಆ ವರ್ಷ ನೀರು ಹೊಡೆಯಲು ಶುರು ಮಾಡಿದ ಎರಡನೇ ದಿನವೇ ನಮ್ಮ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟಿತು. ನಮ್ಮದು 4 ಎಕರೆ ತೋಟ, 7.5 ಎಚ್‌ಪಿ ಮೋಟರ್. ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ದಿನಾ ಹೋದೆ. "ನಾಳೆ ಬರುತ್ತೆ ಮೇಡಂ" ಅಂದರು. ಆ ನಾಳೆ ಬಂದದ್ದು 11 ದಿನದ ಮೇಲೆ. ಬಾಡಿಗೆಗೆ ಡೀಸೆಲ್ ಪಂಪ್ ತಂದು ಅರ್ಧ ತೋಟಕ್ಕೆ ನೀರು ಕೊಟ್ಟೆವು. ಉಳಿದರ್ಧದ ಮೊಗ್ಗು ಹಾಗೇ ಕೆಂಪಾಗಿ ನಿಂತಿತು. ಅತ್ತೆ ಒಂದು ರೆಂಬೆ ಬಗ್ಗಿಸಿ, ಬೆರಳಲ್ಲಿ ಮೊಗ್ಗು ಮುಟ್ಟಿ ನೋಡಿ, ಏನೂ ಹೇಳದೆ ಮನೆಗೆ ನಡೆದರು. ಅದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಹೊಸ ಟಿಸಿ ಬಂದ ಮೇಲೂ ವೋಲ್ಟೇಜ್ ಸರಿಯಾಗಲಿಲ್ಲ. ಮೂರು ಫೇಸಿಗೆ 400 ವೋಲ್ಟಿನ ಆಸುಪಾಸು ಇರಬೇಕಾದದ್ದು, ಬೆಳಿಗ್ಗೆ ಎಲ್ಲರೂ ಮೋಟರ್ ಹಾಕುವ ಹೊತ್ತಿಗೆ 340ಕ್ಕೆ ಇಳಿಯುತ್ತಿತ್ತು. ಮೋಟರ್ ತಿರುಗುವ ಬದಲು ಗುಂಯ್ ಅಂತ ನರಳುತ್ತಿತ್ತು. ಸ್ಟಾರ್ಟರ್ ಪಕ್ಕ ಮಗಳ ಹಳೇ ನೋಟ್‌ಬುಕ್ ನೇತು ಹಾಕಿದೆ. ದಿನಾಂಕ, ಗಂಟೆ, ವೋಲ್ಟ್‌ಮೀಟರಿನ ಮುಳ್ಳು ಎಲ್ಲಿತ್ತು, ಎಷ್ಟು ಹೊತ್ತು ಓಡಿತು. ಯಾರಿಗೋ ತೋರಿಸಲು ಬರೆದದ್ದಲ್ಲ. ಹೊಟ್ಟೆಯುರಿ ತಡೆಯಲಾಗದೆ ಬರೆದದ್ದು.

ಡಿಸೆಂಬರ್‌ನಲ್ಲಿ ಪಕ್ಕದ ತೋಟದ ಮೇಷ್ಟ್ರು ಪೇಪರ್ ಹಿಡಿದುಕೊಂಡು ಬಂದರು. ನಿವೃತ್ತರಾಗಿ ಹತ್ತು ವರ್ಷವಾದರೂ ನಮಗೆಲ್ಲ ಅವರು ಮೇಷ್ಟ್ರೇ. ಒಳಪುಟದಲ್ಲಿ ಸಣ್ಣಕ್ಷರದ ಪ್ರಕಟಣೆ. ವಿದ್ಯುತ್ ಕಂಪನಿ ದರ ಏರಿಸಲು ಆಯೋಗಕ್ಕೆ ಅರ್ಜಿ ಹಾಕಿದೆ, ಆಕ್ಷೇಪಣೆ ಇದ್ದವರು 30 ದಿನದೊಳಗೆ ಬರೆಯಬಹುದು ಅಂತ.

"ನೋಡಮ್ಮ, ಆಫೀಸಲ್ಲಿ ಕೂಗಾಡಿದ್ದು ಸಾಕು. ಇದಕ್ಕೆ ಬರಿ" ಅಂದರು.

"ನಾನು ಬರೆದ್ರೆ ಯಾರು ಓದ್ತಾರೆ ಸರ್?"

"ಓದಲೇಬೇಕು. ಕಾನೂನು ಹಾಗಿದೆ."

ಅವರೇ ಬಿಡಿಸಿ ಹೇಳಿದರು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಹುಟ್ಟಿದ್ದು 1999ರಲ್ಲಿ. ಒಬ್ಬರು ಅಧ್ಯಕ್ಷರು, ಇಬ್ಬರು ಸದಸ್ಯರು. ಕರೆಂಟಿನ ದರವನ್ನು ಕಂಪನಿ ತಾನಾಗಿ ಏರಿಸುವಂತಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಂ ಪ್ರಕಾರ ಅರ್ಜಿಯನ್ನು ಜನರ ಮುಂದಿಡಬೇಕು. ಜನ ಹೇಳಿದ್ದನ್ನು ಪರಿಗಣಿಸಿ 120 ದಿನದೊಳಗೆ ಆಯೋಗ ಆದೇಶ ಕೊಡಬೇಕು. ಏಪ್ರಿಲ್ 1ಕ್ಕೆ ಹೊಸ ದರ ಬರಬೇಕಾದ್ದರಿಂದ ನವೆಂಬರ್ ಕೊನೆಗೇ ಅರ್ಜಿ ಬೀಳುತ್ತದೆ.

ನನಗೆ ಬೇರೊಂದು ನೆನಪಾಯಿತು. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಕಸ್ತೂರಿರಂಗನ್ ವರದಿಯಲ್ಲಿ ಕೊಡಗಿನ 55 ಹಳ್ಳಿ ಪರಿಸರ ಸೂಕ್ಷ್ಮ ಪ್ರದೇಶ ಅಂತ ಬಂದಾಗ ನಾನೂ ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗಿದ್ದೆ. 2014ರಲ್ಲಿ ಕೇಂದ್ರ ಸರ್ಕಾರ ಕರಡು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆಗೆ 60 ದಿನ ಕೊಟ್ಟಿತ್ತು. ಆ 60 ದಿನದ ವಿಷಯವೇ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನನ್ನ ತೋಟದ ಪಕ್ಕದ ಹೊಳೆ, ಮರ, ಗದ್ದೆ ಬಗ್ಗೆ ಎರಡು ಪುಟ ಬರೆಯಬಹುದಿತ್ತು ಅಲ್ವಾ? ಈ ಸಲ ಹಾಗಾಗಬಾರದು ಅನ್ನಿಸಿತು.

ನಾಲ್ಕು ರಾತ್ರಿ ಕೂತು ಬರೆದೆ. ಮೇಷ್ಟ್ರು ಒಂದೂವರೆ ಪುಟ ಹೊಡೆದು ಹಾಕಿದರು. "ನೋವು ಒಂದು ಸಾಲು ಸಾಕು, ಉಳಿದದ್ದು ಲೆಕ್ಕ ಇರಲಿ" ಅಂದರು. ಕೊನೆಗೆ ಉಳಿದದ್ದು ಮೂರು ಮಾತು. ಟಿಸಿ ಬದಲಿಸಲು 11 ದಿನ ಹಿಡಿಯಿತು. ವೋಲ್ಟೇಜ್ ಹೀಗಿದೆ, ಇದೋ ನೋಟ್‌ಬುಕ್ಕಿನ ನಕಲು. ನನ್ನ ಮೋಟರ್ ಇಡೀ ವರ್ಷದಲ್ಲಿ ಓಡಿದ್ದು 26 ದಿನ, ನಿಗದಿತ ಶುಲ್ಕ ಮಾತ್ರ 12 ತಿಂಗಳೂ ಕಟ್ಟುತ್ತಿದ್ದೇನೆ. ಕುಶಾಲನಗರದಲ್ಲಿ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಆಯೋಗಕ್ಕೆ ಬೆಂಗಳೂರಿಗೆ ರಿಜಿಸ್ಟರ್ಡ್ ಪೋಸ್ಟ್ ಹಾಕಿದೆ. ಒಂದು ಪ್ರತಿ ಕಂಪನಿಗೆ.

ಕಂಪನಿಯಿಂದ ಲಿಖಿತ ಉತ್ತರ ಬಂತು. ಒಂದು ವರ್ಷ ಬಾಯಲ್ಲಿ ಕೇಳಿ ಸಿಗದ ಉತ್ತರ, ಸಹಿ ಮತ್ತು ಸೀಲಿನೊಂದಿಗೆ! ನಮ್ಮ ಲೈನಿನಲ್ಲಿ ಹೊರೆ ಜಾಸ್ತಿ ಇದೆ, ಹೆಚ್ಚುವರಿ ಟಿಸಿಗೆ ಅಂದಾಜುಪಟ್ಟಿ ತಯಾರಾಗಿದೆ ಅಂತ ಬರೆದಿದ್ದರು. ಅಂದರೆ ಅವರಿಗೆ ಮೊದಲೇ ಗೊತ್ತಿತ್ತು.

ವಿಚಾರಣೆ ಮೈಸೂರಿನಲ್ಲಿ, ಅದೂ ನೀರು ಹೊಡೆಯುವ ಹೊತ್ತಿನಲ್ಲೇ. ಮೋಟರನ್ನು ನಮ್ಮ ಮನೆಯವರಿಗೆ ಒಪ್ಪಿಸಿ ಬೆಳಗಿನ ಮೊದಲ ಬಸ್ಸು ಹತ್ತಿದೆ. ಜೊತೆಗೆ ಮೇಷ್ಟ್ರು, ಮಾದಾಪುರದ ಕಡೆಯ ಇಬ್ಬರು ಬೆಳೆಗಾರರು. ದಾರಿಯಲ್ಲಿ ಹೆಚ್ಚು ಮಾತಿರಲಿಲ್ಲ.

ಕೋರ್ಟಿನ ಹಾಗಿರಬಹುದು ಅಂದುಕೊಂಡಿದ್ದೆ. ಹಾಗಿರಲಿಲ್ಲ. ವೇದಿಕೆಯಲ್ಲಿ ಆಯೋಗದವರು, ಒಂದು ಕಡೆ ಕಂಪನಿ ಅಧಿಕಾರಿಗಳು, ಎದುರಿಗೆ ನಾವು. ಮೊದಲು ಕಂಪನಿಯವರು ಪರದೆ ಮೇಲೆ ಖರ್ಚು, ನಷ್ಟ, ಕೊರತೆ ತೋರಿಸಿದರು. ಆಮೇಲೆ ಆಕ್ಷೇಪಣೆ ಬರೆದವರ ಹೆಸರು ಒಂದೊಂದಾಗಿ ಕರೆದರು. ಕೈಗಾರಿಕೆಯವರು ದಪ್ಪ ಫೈಲು ತಂದಿದ್ದರು. ರೈತ ಸಂಘದವರು ಏರುದನಿಯಲ್ಲಿ ಮಾತಾಡಿದರು. ಆಯೋಗದವರು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು.

ನಮ್ಮ ಜೊತೆ ಬಂದಿದ್ದ ಬೆಳೆಗಾರರೊಬ್ಬರು ಎದ್ದು ಕೇಳಿದರು. "10 ಎಚ್‌ಪಿವರೆಗೆ ರೈತರ ಪಂಪ್‌ಸೆಟ್‌ಗೆ ಕರೆಂಟು ಫ್ರೀ. ಕಾಫಿ ಬೆಳೆಯೋರು ರೈತರಲ್ವಾ ಸರ್?" ಸಭೆಯಲ್ಲಿ ಚಪ್ಪಾಳೆ. ಅಧ್ಯಕ್ಷರು ತಾಳ್ಮೆಯಿಂದಲೇ ಉತ್ತರಿಸಿದರು. ದರ ಎಷ್ಟಿರಬೇಕು ಅನ್ನುವುದು ಆಯೋಗದ ಕೆಲಸ, ಯಾರಿಗೆ ಸಬ್ಸಿಡಿ ಕೊಡಬೇಕು ಅನ್ನುವುದು ಸರ್ಕಾರದ ತೀರ್ಮಾನ ಅಂದರು. ಕೊಡುವುದಾದರೆ ಅದೇ ಕಾಯ್ದೆಯ 65ನೇ ಕಲಂ ಪ್ರಕಾರ ಸರ್ಕಾರ ಆ ಹಣವನ್ನು ಮುಂಗಡವಾಗಿ ತುಂಬಬೇಕು. ನಾವು ಇಷ್ಟು ವರ್ಷ ಎರಡನ್ನೂ ಒಂದೇ ಬಾಗಿಲಲ್ಲಿ ಕೇಳುತ್ತಿದ್ದೆವು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದಾಗ ನಾವು ನಡುವೆ ನಿಂತುಬಿಡುತ್ತಿದ್ದೆವು. ಆಯೋಗ ಸರ್ಕಾರಕ್ಕೆ ಸಲಹೆ ಕೊಡಬಹುದು ಅಂತಲೂ ಕಾಯ್ದೆಯಲ್ಲಿದೆ. ನಮ್ಮ ಪ್ರಶ್ನೆ ದಾಖಲಾದರೆ ಆ ದಾರಿಯಲ್ಲೂ ಮೇಲೆ ಹೋಗಬಹುದು ಅಂತ ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು.

ನನ್ನ ಹೆಸರು ಕರೆದಾಗ ಕೈ ನಡುಗುತ್ತಿತ್ತು. ಬರೆದದ್ದನ್ನೇ ಓದಿದೆ. ಸದಸ್ಯರೊಬ್ಬರು ನಡುವೆ ತಡೆದು, "26 ದಿನ ಅಂತ ಹೇಗೆ ಹೇಳ್ತೀರಿ?" ಅಂತ ಕೇಳಿದರು. ನೋಟ್‌ಬುಕ್ ಎತ್ತಿ ಕೊಟ್ಟೆ. ಅದರ ಮೂಲೆಯಲ್ಲಿ ಗ್ರೀಸಿನ ಕಲೆ, ಒಂದು ಪುಟ ನೀರು ಬಿದ್ದು ಉಬ್ಬಿತ್ತು. ಅವರು ಹಾಳೆ ತಿರುವಿ ನೋಡಿದರು. ಆಮೇಲೆ ಕಂಪನಿ ಅಧಿಕಾರಿಗಳತ್ತ ತಿರುಗಿ, "ಹಳ್ಳಿಯಲ್ಲಿ ಟಿಸಿ ಬದಲಿಸಲು ಎಷ್ಟು ಗಂಟೆ?" ಅಂದರು.

"72 ಗಂಟೆ ಸರ್."

"ಇಲ್ಲಿ 11 ದಿನ ಅಂತಿದ್ದಾರಲ್ಲ?"

ಹಳ್ಳಿಗೆ 72 ಗಂಟೆ, ನಗರಕ್ಕೆ 24 ಗಂಟೆ ಅಂತ ಆಯೋಗವೇ ಮಾಡಿದ ನಿಯಮ ಇದೆ ಅನ್ನುವುದು ನನಗೆ ಅವತ್ತೇ ಗೊತ್ತಾದದ್ದು. ಆ 11 ದಿನವೂ ಆ ನಿಯಮ ಇತ್ತು. ಅತ್ತೆ ಮೊಗ್ಗು ಮುಟ್ಟಿ ನೋಡಿದ ದಿನವೂ ಇತ್ತು. ಇದನ್ನು ಯಾಕೆ ಒಂದು ಸೆಕ್ಷನ್ ಆಫೀಸಿನ ಗೋಡೆ ಮೇಲೂ ದೊಡ್ಡದಾಗಿ ಬರೆದು ಹಾಕಿರುವುದನ್ನು ನಾನು ನೋಡಿಲ್ಲ? ನನಗೆ ಈಗಲೂ ಸಿಟ್ಟಿದೆ.

ಆದೇಶ ಬಂದಾಗ ಮಗಳು ಅದನ್ನು ಫೋನಿನಲ್ಲಿ ತೆಗೆದುಕೊಟ್ಟಳು. ನೂರಾರು ಪುಟ. ಆಕ್ಷೇಪಣೆ, ಅದಕ್ಕೆ ಕಂಪನಿಯ ಉತ್ತರ, ಅದರ ಮೇಲೆ ಆಯೋಗದ ಅಭಿಪ್ರಾಯ, ಈ ಕ್ರಮದಲ್ಲಿ ಇತ್ತು. ದರ ಏರಿತು, ಆದರೆ ಕಂಪನಿ ಕೇಳಿದಷ್ಟಲ್ಲ. ನಿಗದಿತ ಶುಲ್ಕದ ಮಾತು ಒಪ್ಪಲಿಲ್ಲ. ಮೋಟರ್ ಓಡದಿದ್ದರೂ ಲೈನು, ಟಿಸಿ ವರ್ಷವಿಡೀ ಸಿದ್ಧವಿರಬೇಕು ಅನ್ನುವುದು ಕಾರಣ. ಅದರಲ್ಲೂ ಅರ್ಥವಿದೆ, ಆದರೂ 26 ದಿನಕ್ಕೆ 12 ತಿಂಗಳ ಶುಲ್ಕ ನನಗೆ ನ್ಯಾಯ ಅನ್ನಿಸುವುದಿಲ್ಲ. ಟಿಸಿ ವಿಷಯದಲ್ಲಿ ನಿಗದಿತ ಗಂಟೆಯೊಳಗೆ ಬದಲಿಸಲೇಬೇಕು ಅಂತ ಇತ್ತು. ನನ್ನ ಜೊತೆ ಇನ್ನೂ ಹಲವರು ಅದನ್ನೇ ಬರೆದಿದ್ದರಂತೆ, ಎಲ್ಲ ಸೇರಿ ಒಂದೇ ಸಾಲಾಗಿತ್ತು.

ಅತ್ತೆಗೆ ಓದಿ ಹೇಳಿದೆ. "ಹೆಚ್ಚುವರಿ ಟಿಸಿ ಯಾವಾಗ ಹಾಕ್ತಾರಂತೆ?" ಅಂದರು. ಮಳೆಗಾಲ ಕಳೆದು ಅಕ್ಟೋಬರ್‌ನಲ್ಲಿ ಹಾಕಿದರು.

ಮತ್ತೆ ಡಿಸೆಂಬರ್ ಬಂತು. ಪೇಪರಿನ ಒಳಪುಟದಲ್ಲಿ ಅದೇ ಸಣ್ಣಕ್ಷರದ ಪ್ರಕಟಣೆ. ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿ, 30ನೇ ದಿನ ಯಾವುದು ಅಂತ ಎಣಿಸಿ ಕೆಂಪು ಪೆನ್ನಿನಲ್ಲಿ ಬರೆದೆ. ಈ ಸಲ ಮಾದಾಪುರದ ಆ ಇಬ್ಬರ ಸ್ಟಾರ್ಟರ್ ಪಕ್ಕವೂ ಒಂದೊಂದು ನೋಟ್‌ಬುಕ್ ನೇತಾಡುತ್ತಿದೆ.